ಮೂಗೆತ್ತುವ ಹೊತ್ತು

ಫ್ಯಾನು ಇನ್ನೂ ಕಿರುಗುಡುತ್ತಿದೆಯಲ್ಲ, ಯಾರಪ್ಪಾ ಇದನ್ನು ಆರಿಸದೆ ಹೋದವರು, ಇನ್ಯಾರು, ಅಕ್ಕನ ಮಗಳು ಮರಿಯೇ, ಬೆಳಗ್ಗೆ ಬಂದವಳು ಒಂದು ಸಲ ಇದರ ಮುಂದೆ ಕೂತೆದ್ದಿದ್ದಾಳೆ, ಪರೀಕ್ಷೆಗೆ ಹೋಗುವವರು ಬಾಗಿಲಲ್ಲೇ ನಿಂತು ಪುಸ್ತಕ ತಿರುವಿ ಹಾಕುವ ಹಾಗೆ — ಅವನು ಒಳಗೆ ಬಂದದ್ದು ಬ್ಯಾಟರಿಗೆ, ಕೈಯಲ್ಲಿ ಹಿಡಿಯುವ ರೇಡಿಯೊ ಹೊರಗೆ ಕುಂಯ್‌ಗುಡಲು ಶುರು ಮಾಡಿತ್ತು, ಮರಿ ಆಕಾಶದಲ್ಲಿರುವಾಗ ಅದು ಕಣ್ಣು ಮುಚ್ಚಿದರೆ ಏನು ಗತಿ ಎಂದು ಓಡಿ ಬಂದು ಚಾರ್ಜರಿನಿಂದ ಇನ್ನೊಂದು ಬ್ಯಾಟರಿ ಕಿತ್ತು ಹಾಕಿದ್ದಾಯಿತು, ಹಸಿರು ದೀಪ ಬಂತು, ಇನ್ನು ಹೋಗಬೇಕು, ಆದರೆ ಅಜ್ಜಿ ಬಿಸಿಯುಸಿರು ಬಿಡುತ್ತ ಕೂತಿದ್ದಾಳೆ, ಹೀಗೇ ಬಿಟ್ಟರೆ ಸುಟ್ಟುಕೊಂಡಾಳು. ಅಜ್ಜಿ ಎಂದರೆ ಈ ಕಂಪ್ಯೂಟರು, ಆಫೀಸಿನಲ್ಲಿ ಪತ್ರ ಟೈಪು ಮಾಡಿ ಮಾಡಿ ಸುಸ್ತಾಗಿ ಮೂಲೆ ಸೇರಿದ್ದನ್ನು ಹಾರಾಟದ ಶಾಲೆಯ ಈ ಹಿಂದಿನ ಕೋಣೆಗೆ ಅವನೇ ಹೊತ್ತು ತಂದು, ಪಕ್ಕದ ತಗಡು ಬಿಚ್ಚಿ, ಕಾಯದಿರಲೆಂದು ಎದುರಿಗೊಂದು ಟೇಬಲ್ ಫ್ಯಾನು ನಿಲ್ಲಿಸಿ, ಸಿಮ್ಯುಲೇಟರ್ ಹಾಕಿಸಿದ್ದ, ವಿಮಾನ ಕಲಿಯುವ ಮಕ್ಕಳಿಗೆ ನೆಲದ ಮೇಲೇ ಒಂದಿಷ್ಟು ಕೈ ಪಳಗಲಿ ಅಂತ. ಮುದುಕಿಯ ಮೈಯಲ್ಲಿ ತ್ರಾಣವಿಲ್ಲ, ಅದಕ್ಕೆ ಮರ ಬೇಡ, ಮೋಡ ಬೇಡ, ನೆರಳು ಬೇಡ, ಊರು ಬೇಡ ಎಂದು ಒಂದೊಂದನ್ನೇ ತೆಗೆದುಹಾಕಿ ಕೊನೆಗೆ ಉಳಿದದ್ದು ಬೋಳು ನೆಲ, ಬೋಳು ಆಕಾಶ, ನಡುವೆ ಒಂದು ರನ್‌ವೇ, ಅಷ್ಟಾದರೆ ಅಜ್ಜಿ ಚೆನ್ನಾಗಿಯೇ ಓಡುತ್ತಿದ್ದಳು. ಈಗ ಪರದೆಯ ಮೇಲೆ ವಿಮಾನ ಅರ್ಧ ಇಳಿದು ನಿಂತಿದೆ, ಮರಿ ಆಟವನ್ನು ಅಲ್ಲಿಗೇ ನಿಲ್ಲಿಸಿ ಎದ್ದು ಹೋಗಿದ್ದಾಳೆ, ಆರಿಸಲು ಕೈ ಚಾಚಿದವನು ಯಾವ ಗುಂಡಿ ಒತ್ತಿದನೋ, ವಿಮಾನ ಇಳಿಯತೊಡಗಿತು, ಅಯ್ಯೋ ಬೀಳುತ್ತೆ — ಬಿದ್ದರೆ ಬೀಳಲಿ, ಆಟದ್ದು — ಆದರೂ ಕೈ ತಾನಾಗಿ ಸ್ಟಿಕ್ಕಿಗೆ ಹೋಯಿತು, ಸ್ಪ್ರಿಂಗು ಮುರಿದು ರಬ್ಬರ್ ಬ್ಯಾಂಡು ಸುತ್ತಿಸಿಕೊಂಡ ಸ್ಟಿಕ್ಕು, ಎಳೆದ, ವಿಮಾನದ ಮೂಗು ಏಳಲಿಲ್ಲ, ಏಳಲಿಲ್ಲ, ಆಮೇಲೆ ಎದ್ದಿತು, ಗಾಲಿ ಮೆತ್ತಗೆ ನೆಲಕ್ಕೆ ಕೂತಿತು, ಭೇಷ್. ಭೇಷ್ ಅಂದ ಬಾಯಿ ಹಾಗೇ ತೆರೆದುಕೊಂಡು ನಿಂತಿತು. ಎಳೆದದ್ದು ಯಾವಾಗ? ನೆಲ ಇನ್ನೂ ಎಷ್ಟು ಕೆಳಗಿತ್ತು? ನಿಜವಾದ ವಿಮಾನದಲ್ಲಿ ಅಷ್ಟು ಮೇಲೆ ಮೂಗೆತ್ತಿದರೆ ಅದು ಇಳಿಯುತ್ತದೆಯೇ, ಉಬ್ಬಿ ಮೇಲೇಳುತ್ತದೆ, ಗಾಳಿಯಲ್ಲಿ ನಿಂತು ವೇಗ ಕಳೆದುಕೊಳ್ಳುತ್ತದೆ, ಆಮೇಲೆ ಕಲ್ಲಿನ ಹಾಗೆ ಬೀಳುತ್ತದೆ. ಮತ್ತೆ ನಿಜವಾದ ವಿಮಾನದಲ್ಲಿ ಈಗ ಮರಿ ಇದ್ದಾಳೆ, ಒಬ್ಬಳೇ, ಇವತ್ತೇ ಮೊದಲ ಸಲ.

ತಾಳು, ತಾಳು, ಗಾಬರಿ ಬೇಡ, ಇಪ್ಪತ್ತು ವರ್ಷ ಹಾರಾಟ ಕಲಿಸಿದವನು ನೀನು, ಯೋಚನೆ ಮಾಡು — ಇದು ಯಾವಾಗ ಹೀಗಾಯಿತು, ಮರಿ ಮನೆ ಕೇಳಿದ ದಿನದಿಂದಲ್ಲವೇ, ಹೌದು, ಅವತ್ತಿನಿಂದಲೇ. ಶಾಲೆಯ ವಿಮಾನ ಇಂಜಿನ್ ಬಿಚ್ಚಿಸಿಕೊಂಡು ಮೇಸ್ತ್ರಿಯ ಶೆಡ್ಡಿನಲ್ಲಿ ಒಂದು ವಾರ ಮಲಗಿತ್ತು, ಹಾರುವ ಹಾಗಿಲ್ಲ, ಸಂಜೆ ಸಂಜೆ ಅವಳು ಅಜ್ಜಿಯ ಮುಂದೆ ಕೂರುತ್ತಿದ್ದಳು, ಮಾವ, ಇದ್ರಲ್ಲಿ ನಮ್ಮನೆ ಕಾಣಲ್ವಾ, ಬರೀ ಬಯಲು, ಎಲ್ಲಿ ಹೋದ್ರೂ ಒಂದೇ ಥರ, ಬೇಜಾರು. ಅಕ್ಕನ ಮಗಳು ಬಾಯಿಬಿಟ್ಟು ಏನಾದರೂ ಕೇಳುವುದೇ ಅಪರೂಪ, ಈ ಮಾವನಿಗೆ ಅಷ್ಟೇ ಸಾಕಲ್ಲ, ಕರಗಿಹೋದ, ತಗೋ ಎಂದು ಊರು ಹಾಕಿದ, ಮರ ಹಾಕಿದ, ಬೀದಿ ಬೀದಿಗೆ ಮನೆ ಎಬ್ಬಿಸಿದ, ಅಗೋ ಅಗೋ ನಮ್ಮ ಬೀದಿ, ಅದೇ ತಿರುವು, ಅಮ್ಮನ ಅಂಗಡಿ ಇಲ್ಲೇ ಬರ್ಬೇಕು ಅಂತ ಅವಳು ಕುರ್ಚಿಯಿಂದ ಎದ್ದು ನಿಂತಿದ್ದಳು, ಒಂದು ಬೂದು ಡಬ್ಬಿಯನ್ನು ಬೆರಳಿಟ್ಟು ತೋರಿಸಿ ಇದೇ ಇದೇ ಅಂದಿದ್ದಳು. ಅಜ್ಜಿ ಊರು ಹೊತ್ತುಕೊಂಡು ಏದುಸಿರು ಬಿಡತೊಡಗಿದಳು. ಮಾವ, ಎಳೆದ್ರೂ ಏಳಲ್ಲ, ಆಮೇಲೆ ಏಳುತ್ತೆ, ಅಷ್ಟೊತ್ತಿಗೆ ದಪ್ ಅಂತ ಬಿದ್ದಿರುತ್ತೆ. ಆಗಲಾದರೂ ಊರನ್ನು ತೆಗೆದುಹಾಕಬಾರದಿತ್ತೇ, ಹಾಳಾದವನೇ, ಆದರೆ ಅವಳ ಮುಖ ನೋಡಿ ಮನಸ್ಸಾಗಲಿಲ್ಲ, ಅಜ್ಜಿಗೆ ವಯಸ್ಸಾಯ್ತು ಮರಿ, ಕಿವಿ ಮಂದ, ಹೇಳಿದ್ದು ಒಳಗೆ ಹೋಗೋಕೆ ಹೊತ್ತು ಬೇಕು, ನೀನೇ ಒಂಚೂರು ಮುಂಚೆ ಎಳಿ — ನಕ್ಕುಕೊಂಡು ಹೇಳಿದ, ಅದೇನು ದೊಡ್ಡ ವಿದ್ಯೆ ಎಂಬ ಹಾಗೆ ಹೇಳಿದ, ಅವಳೂ ನಕ್ಕಳು, ಒಂಚೂರು ಮುಂಚೆ ಎಳೆದಳು, ಗಾಲಿ ಹತ್ತಿಯ ಮೇಲೆ ಕೂತಂತೆ ಕೂತಿತು, ಭೇಷ್ ಅಂದ, ವಾರವೆಲ್ಲ ಭೇಷ್ ಅಂದ. ಆದರೆ ಇವತ್ತು ಬೆಳಗ್ಗೆ ನಿಜವಾದ ವಿಮಾನದಲ್ಲಿ ಅವಳ ಪಕ್ಕದಲ್ಲಿ ಕೂತು ನೋಡಿದೆನಲ್ಲ, ಎರಡೂ ಸಲ ಹೂವಿನ ಹಾಗೆ ಇಳಿಸಿದಳಲ್ಲ, ಅದನ್ನು ನೋಡಿಯೇ ತಾನೇ ನಾನು ಇಳಿದುಕೊಂಡು, ಹೋಗು, ಒಬ್ಬಳೇ ಒಂದು ಸುತ್ತು ಹಾಕಿ ಬಾ ಅಂದದ್ದು — ಆಗ ನನ್ನ ಕೈ ಎಲ್ಲಿತ್ತು? ತೊಡೆಯ ಮೇಲಿತ್ತು. ಸುಳ್ಳು. ತೊಡೆಯ ಮೇಲಿರಲಿಲ್ಲ, ಅವಳದರ ಜೊತೆಗೇ ಆಡುವ ನನ್ನ ಕಡೆಯ ಸ್ಟಿಕ್ಕಿನ ಮೇಲಿತ್ತು, ಸುಮ್ಮನೆ, ಮಗುವಿನ ಬೆನ್ನ ಮೇಲೆ ಕೈ ಇಟ್ಟ ಹಾಗೆ, ಅವಳು ಎಳೆದಾಗ ಸ್ಟಿಕ್ಕು ಅಂಗೈಗೆ ಒತ್ತಿ ಬಂದದ್ದು ಈಗ ನೆನಪಾಗುತ್ತಿದೆ, ಅಂಗೈ ಅದನ್ನು ತಡೆದದ್ದೂ ನೆನಪಾಗುತ್ತಿದೆ, ನನಗೆ ಗೊತ್ತಿಲ್ಲದೆ ನನ್ನ ಕೈ ಅವಳ ಕೈಯನ್ನು ತಡೆದು, ತಡೆದು, ಸರಿಯಾದ ಹೊತ್ತಿಗೆ ಬಿಟ್ಟಿತ್ತು. ಆ ಎರಡೂ ಇಳಿತ ಅವಳದ್ದಲ್ಲ. ನನ್ನವು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ಇವನನ್ನು ನೋಡಿಯೇ ಕಟ್ಟಿರಬೇಕು.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು, ತಗಡಿನ ಮಾಡಿನ ಕೆಳಗಿನ ಬೆಂಚಿನಲ್ಲಿ ಅಕ್ಕ ಕೂತಿದ್ದಾಳೆ, ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದವಳು, ಸೆರಗಿಗೆ ಚುಚ್ಚಿಕೊಂಡ ಎರಡು ಪಿನ್ನು ತೆಗೆಯುವುದನ್ನೂ ಮರೆತಿದ್ದಾಳೆ, ಎಲ್ಲೋ ಹಾಳಾಗ್ಹೋಗಿದ್ದೆ, ಅವಳು ಅಲ್ಲಿದಾಳೆ ಅಂದ್ರೆ ನೀನು ಇಲ್ಲಿರ್ಬೇಕಲ್ವೇನೋ. ಬ್ಯಾಟ್ರಿ ಅಕ್ಕ. ಮುಖ ಯಾಕೆ ಹಾಗಾಗಿದೆ? ಹೇಗಾಗಿದೆ, ಬಿಸಿಲು. ಬಿಸಿಲಂತೆ, ಹುಟ್ಟಿದಾಗಿಂದ ನೋಡ್ತಿದೀನಿ ಆ ಮುಖಾನ, ಅವಳೆಲ್ಲಿ, ಆ ಚುಕ್ಕಿನಾ? ಹೂಂ, ಅದೇ. ಮರಿ ಎದುರಿನ ಬಯಲಿನ ಆಚೆ ರನ್‌ವೇಗೆ ಜೊತೆಜೊತೆಯಾಗಿ ಎದುರು ದಿಕ್ಕಿಗೆ ಹಾರುತ್ತಿದ್ದಾಳೆ, ಎಷ್ಟು ಚೆನ್ನಾಗಿ ಹಾರುತ್ತಿದ್ದಾಳೆ, ದಾರ ಹಿಡಿದು ಗೆರೆ ಎಳೆದಂತೆ, ಇನ್ನು ಎರಡು ತಿರುವು, ಆಮೇಲೆ ಇಳಿಯಬೇಕು, ಆಮೇಲೆ ಆ ಕೈ. ಭಾವ ತೀರಿಕೊಂಡ ಮೇಲೆ ಅಕ್ಕ ಒಂಟಿಯಾಗಿ ಸಾಕಿದ ಹುಡುಗಿ, ಹಾರಾಟ ಕಲೀತಾಳಂತೆ ಅಂದಾಗ ಅಕ್ಕ ಕುಣಿದಾಡಲಿಲ್ಲ, ಕೂಗಾಡಲೂ ಇಲ್ಲ, ಕತ್ತರಿ ಕೆಳಗಿಟ್ಟು, ನೀನು ಪಕ್ಕದಲ್ಲಿ ಕೂತಿರೋವರೆಗೆ ನಂಗೇನೂ ಭಯ ಇಲ್ಲ, ಒಬ್ಬಳನ್ನೇ ಬಿಡೋ ದಿನ ಮಾತ್ರ ಮುಂಚೆ ಹೇಳು, ನಾನು ಬಂದು ಕೂತಿರ್ತೀನಿ ಅಂದಿದ್ದಳು. ಬಂದು ಕೂತು ಏನ್ಮಾಡ್ತೀಯಕ್ಕ? ಏನೂ ಮಾಡಲ್ಲ, ಕೂತಿರ್ತೀನಿ. ಈಗ ಕೂತಿದ್ದಾಳೆ, ಆಚೆ ಶೆಡ್ಡಿನ ಬಾಗಿಲಿಗೆ ಒರಗಿ ಮೇಸ್ತ್ರಿ ಕೈಯೊರೆಸಿಕೊಳ್ಳುತ್ತ, ಹುಡುಗಿ ಜೋರಾಗಿದೆ ಮೇಷ್ಟ್ರೇ, ನಿಮ್ಮನ್ನೇ ಮೀರಿಸ್ತಾಳೆ ಅನ್ನುತ್ತಿದ್ದಾನೆ, ಸುಮ್ಮನಿರಯ್ಯಾ ಪುಣ್ಯಾತ್ಮ, ದೃಷ್ಟಿ ತಾಗೀತು. ರೇಡಿಯೊ ಕೈಯಲ್ಲಿದೆ, ಹೆಬ್ಬೆರಳು ಗುಂಡಿಯ ಮೇಲಿದೆ, ಹೇಳಿಬಿಡಲೇ, ಮರಿ, ಅಜ್ಜಿಯ ಮುಂದೆ ಎಳೆದ ಹಾಗೆ ಎಳೀಬೇಡ, ನಿನ್ನ ಕೈ ಕೆಟ್ಟಿದೆ, ಕೆಡಿಸಿದ್ದು ನಾನು — ಹೇಳಿದರೆ ಏನಾಗುತ್ತದೆ, ಅವಳು ತನ್ನ ಕೈಯನ್ನು ನೋಡತೊಡಗುತ್ತಾಳೆ, ಕೈ ನೋಡುವವಳು ನೆಲ ನೋಡುವುದಿಲ್ಲ, ನಡೆಯುವವನನ್ನು ನಿಲ್ಲಿಸಿ ನೀನು ಯಾವ ಕಾಲು ಮೊದಲಿಡುತ್ತೀಯ ಎಂದು ಕೇಳಿದರೆ ಎಡವುತ್ತಾನೆ. ಹೇಳದಿದ್ದರೆ ಅದೇ ಕೈ. ಆಡಿದರೆ ಕೆಟ್ಟೆ, ಆಡದಿದ್ದರೂ ಕೆಟ್ಟೆ. ಇರಲಿ, ಅವಳಿಗೆ ನೆಲ ಕಾಣುತ್ತದಲ್ಲ, ನಿಜವಾದ ನೆಲ, ಕಣ್ಣೇ ಕೈಗೆ ಹೇಳಿಕೊಟ್ಟೀತು, ಒಂದು ವಾರದ ಅಭ್ಯಾಸ ಎಷ್ಟರದು, ಅಷ್ಟರದೇನಲ್ಲ, ಅಷ್ಟರದೇನಲ್ಲ ಎಂದು ಅವನು ಹೇಳಿಕೊಳ್ಳುತ್ತಿರುವಾಗಲೇ ರೇಡಿಯೊ ಕರಕರ ಎಂದು, ಕೊನೆ ತಿರುವು, ಇಳೀತಿದೀನಿ ಸರ್ ಅಂದಿತು. ಸರ್. ಇಲ್ಲಿ ಮಾವ ಅನ್ನಬಾರದು, ಸರ್ ಅನ್ನಬೇಕು ಎಂದು ಮೊದಲ ದಿನ ಹೇಳಿದ್ದ, ಅಂದಿನಿಂದ ಒಂದು ಸಲವೂ ತಪ್ಪಿಲ್ಲ. ಸರಿ, ಇಳಿ ಅಂದ ಅವನು, ಅಷ್ಟೇ ಅಂದ.

ಬರುತ್ತಿದ್ದಾಳೆ, ಎರಡು ರೆಕ್ಕೆಯೂ ಸಮ, ವೇಗ ಸರಿ, ದಿಕ್ಕು ಸರಿ, ಬಾ, ಬಾ, ಹಾಗೇ ಬಾ, ಇನ್ನೂ ಬಾ, ಈಗಲ್ಲ, ಈಗಲ್ಲ ಮರಿ, ಈಗ — ಎಳೆದಳು. ಅಷ್ಟು ಮೇಲೆ ಎಳೆದಳು. ಅಜ್ಜಿಯ ಮುಂದೆ ಎಲ್ಲಿ ಎಳೆಯುತ್ತಿದ್ದಳೋ ಅಲ್ಲೇ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಮೂಗು ತಡವೇ ಇಲ್ಲದೆ ತಕ್ಷಣ ಎದ್ದಿತು, ವಿಮಾನ ಇಳಿಯುವುದು ಬಿಟ್ಟು ಉಬ್ಬಿ ಮೇಲೆದ್ದು ಗಾಳಿಯಲ್ಲಿ ನಿಂತಿತು, ಬೆಂಚಿನಿಂದ ಅಕ್ಕ ಎದ್ದು ನಿಂತಳು, ಲೋ, ಕೆಳಗೆ ಬೆಳಕು ಕಾಣ್ತಿದೆ ಕಣೋ, ನೆಲ ಮುಟ್ಟಿಲ್ಲ, ಜೀವಮಾನವೆಲ್ಲ ಲಂಗದ ಅಂಚು ಸಮ ಕೂತಿದೆಯೋ ಇಲ್ಲವೋ ನೋಡಿದ ಕಣ್ಣು ಅವಳದು, ಅವಳಿಗೆ ವಿಮಾನ ಗೊತ್ತಿಲ್ಲ, ಅಂಚು ಗೊತ್ತು, ಮುಟ್ಟಿಲ್ಲ, ಇನ್ನೂ ಮುಟ್ಟಿಲ್ಲ ಅನ್ನುತ್ತಲೇ ಇದ್ದಾಳೆ, ಮೂರು ಗಾಲಿ, ಅದರ ಕೆಳಗೆ ಬಿಸಿಲಿನ ಒಂದು ಪಟ್ಟಿ, ಅದರ ಕೆಳಗೆ ರನ್‌ವೇ, ಆ ಪಟ್ಟಿ ಅಗಲವಾಗುತ್ತಿದೆ, ನಿಂತಿತು, ಆಮೇಲೆ ಒಮ್ಮೆಗೇ ಇಲ್ಲವಾಯಿತು, ಧಡ್ ಎಂದಿತು, ಪುಟಿಯಿತು, ಮತ್ತೆ ಬೆಳಕು, ಓರೆಯಾದ ಬೆಳಕು, ಒಂದು ರೆಕ್ಕೆ ಜಾರುತ್ತಿದೆ, ಅಯ್ಯೋ ಮರಿ, ಅಕ್ಕನ ಉಗುರು ಅವನ ತೋಳಿಗೆ ನಾಟಿದೆ — ಇಂಜಿನ್ ಆರ್ಭಟಿಸಿತು, ಪೂರ್ತಿ ಕೊಟ್ಟಳು, ರೆಕ್ಕೆ ಸಮವಾಯಿತು, ಇಳಿಯದೆ ಹಾಗೇ ಮುಂದೆ ಮುಂದೆ ಹೋಗಿ ಮೇಲೆದ್ದಳು, ಭಲೆ ನನ್ನ ಮರಿ, ಅದನ್ನಂತೂ ಅಜ್ಜಿ ಕಲಿಸಿದ್ದಲ್ಲ. ಹೋದ ಜೀವ ಬಂತು, ಅರ್ಧ ಬಂತು. ಏನೋ ಅದು, ಯಾಕೆ ಹಾಗಾಯ್ತು, ಹೇಳೋ, ಅಕ್ಕ ತೋಳು ಅಲ್ಲಾಡಿಸುತ್ತಿದ್ದಾಳೆ, ಏನಿಲ್ಲ ಅಕ್ಕ, ಮೊದಲ ಸಲ ಎಲ್ಲರಿಗೂ ಹೀಗೇ, ಗಾಳಿ, ಎಂಥ ಗಾಳಿ, ಕಂಬದ ಮೇಲಿನ ಗಾಳಿ ತೋರಿಸುವ ಚೀಲ ಒದ್ದೆ ಕಾಲುಚೀಲದಂತೆ ಜೋತುಬಿದ್ದಿದೆ, ಅಕ್ಕ ಅದನ್ನು ನೋಡಿದಳು, ಇವನನ್ನು ನೋಡಿದಳು. ರೇಡಿಯೊ ಕರಕರ ಅಂದಿತು, ಮಾವ. ಸರ್ ಅಲ್ಲ. ಮಾವ, ಏನಾಯ್ತು, ನಾನು ಸರಿಯಾಗೇ ಎಳೆದೆ ಮಾವ.

ಸರಿಯಾಗೇ ಎಳೆದೆ ಮರಿ, ಹೌದು, ಹೇಳಿಕೊಟ್ಟ ಹಾಗೇ ಎಳೆದೆ, ನೀನು ಯಾವತ್ತು ಹೇಳಿದ ಮಾತು ಮೀರಿದ್ದೀಯ, ಹೇಳಿದರೆ ಹೇಳಿದ್ದೇ, ಅದೇ ಈಗ ನನ್ನ ಕುತ್ತಿಗೆಗೆ ಬಂದಿದೆ. ಭಾವನನ್ನು ಆಸ್ಪತ್ರೆಗೆ ಸೇರಿಸಿದ ದಿನ, ಇವಳು ಲಂಗದ ಹುಡುಗಿ, ನಾನು ಬರೋವರೆಗೆ ಈ ಕಂಬ ಬಿಡಬೇಡ ಎಂದು ವರಾಂಡದಲ್ಲಿ ನಿಲ್ಲಿಸಿ ಒಳಗೆ ಹೋಗಿದ್ದ, ಒಳಗೆ ಆಗಬಾರದ್ದು ಆಯಿತು, ಅಕ್ಕನನ್ನು ಹಿಡಿದುಕೊಳ್ಳುವವರಿಲ್ಲ, ಈ ಮಗುವಿನ ನೆನಪೇ ಹಾರಿಹೋಯಿತು, ಎಷ್ಟೋ ಹೊತ್ತಿನ ಮೇಲೆ ಎದೆ ಧಸಕ್ಕೆಂದು ಓಡಿ ಬಂದರೆ ಕಂಬವನ್ನು ತಬ್ಬಿಕೊಂಡು ನಿಂತೇ ಇದ್ದಳು, ಲಂಗ ಒದ್ದೆ, ಕಾಲ ಕೆಳಗೆ ಒದ್ದೆ, ಜನ ಬಂದು ಕೂತ್ಕೋ ಮಗು ಅಂದರೂ ಕೂತಿರಲಿಲ್ಲವಂತೆ, ನೀವು ಬಿಡಬೇಡ ಅಂದಿದ್ರಲ್ಲ ಮಾವ. ಅಂಥವಳಿಗೆ ಈಗ ಏನು ಹೇಳಲಿ, ಬೇಗ ಹೇಳಬೇಕು, ಮೊದಲ ತಿರುವು ಮುಗಿಯಿತು, ತಡವಾಗಿ ಎಳಿ ಅನ್ನಲೇ, ಎಷ್ಟು ತಡ ಎಂದು ಕೇಳುತ್ತಾಳೆ, ಏನು ಹೇಳುವುದು, ಅಳತೆ ಇದೆಯೇ ಅದಕ್ಕೆ, ಹೆಚ್ಚು ತಡ ಮಾಡಿದರೆ ಮೂಗು ನೆಲಕ್ಕೆ ಕುಟ್ಟುತ್ತದೆ, ಅದು ಇದಕ್ಕಿಂತ ಕೆಟ್ಟದ್ದು. ಬರದೇ ಇರು, ಸುತ್ತುತ್ತಲೇ ಇರು ಅನ್ನುವುದಕ್ಕಂತೂ ಆಗುವುದಿಲ್ಲ, ಹತ್ತಿದವರು ಇಳಿಯಲೇಬೇಕು. ಅವನು ಗುಂಡಿ ಒತ್ತಿದ, ತನ್ನ ದನಿ ತನಗೇ ಬೇರೆಯವರದ್ದೆಂಬ ಹಾಗೆ ಕೇಳಿಸಿತು, ಚೆನ್ನಾಗಿ ಮೇಲೆದ್ದೆ ಮರಿ, ಭೇಷ್, ನಿಂದೇನೂ ತಪ್ಪಿಲ್ಲ, ಅಜ್ಜಿ ನಿಧಾನ, ಈ ವಿಮಾನ ಚುರುಕು, ಅಷ್ಟೇ, ಈ ಸಲ ನೀನು ಸುಮ್ಮನೆ ಬಾ, ದೂರ ನೋಡು, ನಾನು ಈಗ ಅಂತೀನಿ, ಈಗ ಅಂದಾಗ ಎಳಿ, ನಾನು ಹೇಳೋವರೆಗೆ ಎಳೀಬೇಡ. ಆಯ್ತು ಮಾವ, ನೀವು ಹೇಳೋವರೆಗೆ ಎಳೆಯಲ್ಲ. ಎಂಥ ನಿಶ್ಚಿಂತೆಯ ದನಿ ಅದು, ಕಂಬ ಸಿಕ್ಕಿತಲ್ಲ ತಬ್ಬಿಕೊಳ್ಳಲಿಕ್ಕೆ. ಅಕ್ಕನೂ ಉಸಿರು ಬಿಟ್ಟಳು, ಅದನ್ನ ಮೊದಲೇ ಹೇಳ್ಬಾರ್ದಿತ್ತೇನೋ. ಅವನಿಗೂ ಒಂದು ಗಳಿಗೆ ಎದೆ ಹಗುರಾಯಿತು, ಒಂದೇ ಗಳಿಗೆ, ಆಮೇಲೆ, ಏನು ಹೇಳಿಬಿಟ್ಟೆ ನಾನು — ಇಲ್ಲಿಂದ ನೋಡಬೇಕು, ಇದೇ ಹೊತ್ತು ಎಂದು ತಿಳಿಯಬೇಕು, ಹೆಬ್ಬೆರಳು ಒತ್ತಬೇಕು, ನಾಲಿಗೆ ಏಳಬೇಕು, ಮಾತು ಅಲ್ಲಿಗೆ ಹೋಗಬೇಕು, ಅವಳು ಕೇಳಬೇಕು, ಕೈ ಎಳೆಯಬೇಕು, ಅಷ್ಟು ಹೊತ್ತಿಗೆ ಆ ಹೊತ್ತು ಎಲ್ಲಿರುತ್ತದೆ, ಹೋಗಿಯೇ ಹೋಗಿರುತ್ತದೆ. ಈಗ ನಾನೇ ಅಜ್ಜಿ. ನನ್ನ ಕಿವಿ ಮಂದ, ನನ್ನ ಮೈ ಮಂದ. ಹಾಗಾದರೆ ಒಂಚೂರು ಮುಂಚೆ ಹೇಳಬೇಕು, ಒಂಚೂರು ಎಂದರೆ ಎಷ್ಟು, ಅದೇ ಒಂಚೂರು ತಾನೇ ಅವಳನ್ನು ಇಲ್ಲಿಗೆ ತಂದದ್ದು.

ಬೇಡ, ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲೇ, ಮರಿ, ನಾನು ಹೇಳಲ್ಲ, ನೀನೇ ನೋಡಿಕೊಂಡು ಎಳಿ — ಒಂದು ಸಲ ಹೀಗೆ, ಒಂದು ಸಲ ಹಾಗೆ, ಅವಳ ತಲೆ ಗಿರ್ರೆನ್ನುವುದಿಲ್ಲವೇ, ಇಲ್ಲ, ಇನ್ನು ಮಾತು ಬದಲಿಸುವ ಹಾಗಿಲ್ಲ, ಕೊನೆ ತಿರುವು ಮಾವ ಅಂದಳು, ಬಂದೇ ಬಿಟ್ಟಳು, ಬಿಸಿಲಿಗೆ ರೆಕ್ಕೆ ಒಮ್ಮೆ ಮಿಂಚಿತು, ಅಕ್ಕ ಕೂತಿಲ್ಲ, ಮೇಸ್ತ್ರಿ ಕೈಯೊರೆಸುವ ಬಟ್ಟೆಯನ್ನು ಎದೆಗೆ ಅವುಚಿಕೊಂಡಿದ್ದಾನೆ, ಬಯಲಿನ ಹುಲ್ಲು ಅಲ್ಲಾಡುತ್ತಿಲ್ಲ. ಹಿಂದೆ ಎಳೆದ ಜಾಗ ಬಂತು, ಎಳೆಯಲಿಲ್ಲ, ಮಾತು ಕೇಳುವ ಹುಡುಗಿ, ದಾಟಿದಳು, ಇನ್ನು ಹೇಳಬೇಕು, ಯಾವಾಗ, ಮನಸ್ಸು ಈಗ ಅನ್ನುತ್ತಿದೆ, ಆದರೆ ಯಾವ ಮನಸ್ಸು ಅದು, ವಾರವೆಲ್ಲ ಅಜ್ಜಿಯ ಮುಂದೆ ಅವಳ ಹಿಂದೆ ನಿಂತು ಭೇಷ್ ಅಂದ ಮನಸ್ಸು ತಾನೇ, ಅದಕ್ಕೂ ಅದೇ ರೋಗ ಹಿಡಿದಿಲ್ಲವೇ, ಇವತ್ತು ಒಳಗೆ ನನ್ನ ಕೈಯೂ ಮುಂಚೆಯೇ ಎಳೆಯಿತಲ್ಲ, ಈ ಈಗ ಅಜ್ಜಿಯದೋ ನನ್ನದೋ, ಇನ್ನು ತುಸು ತಾಳು, ತಾಳಿದರೆ ತಡವಾಯಿತು, ಮಾತಿಗೆ ದಾರಿ ಬೇಕಲ್ಲ, ಹೇಳು, ಹೇಳೋ, ಹೆಬ್ಬೆರಳು ಒತ್ತಿದೆ, ಬಾಯಿ ತೆರೆದಿದೆ, ನಾಲಿಗೆ ಅಂಗುಳಿಗೆ ಅಂಟಿದೆ, ಗಾಲಿಗಳ ಕೆಳಗೆ ಆ ಬೆಳಕಿನ ಪಟ್ಟಿ, ಮೊಣಕಾಲಷ್ಟು, ಗೇಣಷ್ಟು, ಇವನು ಹೇಳುತ್ತಿಲ್ಲ, ಮೂಗು ಕೆಳಗೇ ಇದೆ, ಅವಳು ಎಳೆಯುತ್ತಿಲ್ಲ, ಅವಳು ಕಾಯುತ್ತಿದ್ದಾಳೆ, ಇವನಿಗೆ ಕಾಯುತ್ತಿದ್ದಾಳೆ, ಬೆಳಕು ಬೆರಳಗಲ, ದಾರದಷ್ಟು, ಈಗ, ಈಗ, ಈಗ ಎಂದು ತಲೆಯೊಳಗೆ ಯಾರೋ ಕಿರುಚುತ್ತಿದ್ದಾರೆ — ಮೂಗು ಎದ್ದಿತು. ತಾನಾಗಿ ಎದ್ದಿತು. ಗಾಲಿ ಕಿರ್ ಅಂದು ಒಂಚೂರು ಹೊಗೆ ಎದ್ದು ವಿಮಾನ ನೆಲದ ಮೇಲೆ ಓಡುತ್ತ ದೂರ ದೂರ ಹೋಗಿ ನಿಧಾನವಾಯಿತು.

ಅಕ್ಕ ಅಳುತ್ತಿದ್ದಾಳೆ, ನಗುತ್ತಿದ್ದಾಳೆ, ಮೇಸ್ತ್ರಿ ಶಿಳ್ಳೆ ಹಾಕುತ್ತಿದ್ದಾನೆ, ಎಂಥ ಇಳಿತ ಮೇಷ್ಟ್ರೇ, ಸರಿಯಾದ ಹೊತ್ತಿಗೆ ಹೇಳಿದ್ರಿ ನೋಡಿ, ಬಹಾದ್ದೂರ್ ನೀವು, ಬಂದು ಬೆನ್ನು ತಟ್ಟುತ್ತಾನೆ, ಅಕ್ಕ ಅವನ ಗಲ್ಲ ಹಿಡಿದು, ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೋ, ನಿನ್ನ ಕೈಗೆ ಒಪ್ಪಿಸಿದ್ದಕ್ಕೂ ಸಾರ್ಥಕ ಅನ್ನುತ್ತಾಳೆ, ಅವನು ಅಲ್ಲ ಅಕ್ಕ ಅನ್ನಬೇಕು, ನಾನಲ್ಲ ಅಕ್ಕ, ಅನ್ನಲಿಕ್ಕೆ ಆಗುತ್ತಿಲ್ಲ, ಹೆಬ್ಬೆರಳು ಇನ್ನೂ ಗುಂಡಿ ಒತ್ತಿಕೊಂಡೇ ಇದೆ, ಬಿಡಿಸಲು ಬರುತ್ತಿಲ್ಲ. ವಿಮಾನ ಬಂದು ನಿಂತಿತು, ಇಂಜಿನ್ ಆರಿತು, ಮರಿ ಬಾಗಿಲು ನೂಕಿ ಕೆಳಕ್ಕೆ ಹಾರಿದಳು, ಬೆವರಿಗೆ ಕೂದಲು ಹಣೆಗೆ ಅಂಟಿದೆ, ಅಮ್ಮನ ಕೈಗೆ ಸಿಕ್ಕಿ ಒಂದು ಪೆಟ್ಟು ತಿಂದಳು, ಒಂದು ಮುತ್ತೂ ತಿಂದಳು, ಬಿಡಿಸಿಕೊಂಡು ಇವನ ಕಡೆಗೆ ಓಡಿ ಬಂದಳು, ಎರಡು ಹೆಜ್ಜೆ ದೂರ ಇರುವಾಗ ಓಟ ಕಮ್ಮಿಯಾಯಿತು, ತಲೆ ತಗ್ಗಿತು, ತಪ್ಪು ಮಾಡಿ ಬಂದವಳ ಹಾಗೆ ಬೆರಳು ಹಿಸುಕಿಕೊಳ್ಳುತ್ತ ಪಿಸುದನಿಯಲ್ಲಿ, ಅಮ್ಮನಿಗೆ ಕೇಳಿಸದ ಹಾಗೆ, ಮಾವ ಬೈಬೇಡಿ, ನೀವು ಹೇಳೋವರೆಗೆ ಕಾಯ್ಬೇಕಿತ್ತು, ಕಾದೆ ಮಾವ, ನೆಲ ಬಂದೇ ಬಿಡ್ತು, ಆದ್ರೂ ಕಾದೆ, ನೀವು ಹೇಳ್ಲೇ ಇಲ್ಲ, ಆಮೇಲೆ ತಡೆಯೋಕಾಗ್ದೆ ನಾನೇ ಎಳೆದ್ಬಿಟ್ಟೆ, ತಪ್ಪಾಯ್ತಾ ಮಾವ? ತಪ್ಪಲ್ಲ ಅನ್ನು, ಅವಳ ತಲೆ ಮೇಲೆ ಕೈ ಇಡು, ಇಷ್ಟಾದರೂ ಮಾಡು, ಅವಳು ಮುಖ ಎತ್ತಿ ನೋಡುತ್ತಿದ್ದಾಳೆ, ಬಾಯಿ ತೆರೆದ, ಕಣ್ಣ ಮುಂದೆ ಮತ್ತೆ ಅದೇ ಗಾಲಿ, ನೆಲ, ನಡುವೆ ದಾರದಷ್ಟು ಬೆಳಕು, ಮರಿ, ಎಂದು ಶುರು ಮಾಡಿದ, ದಾರದಷ್ಟು ಬೆಳಕು, ಮೂಗು ಇನ್ನೂ ಕೆಳಗೇ ಇದೆ, ದಾರದಷ್ಟು ಬೆಳಕು, ಅವಳು ಕಾಯುತ್ತಿದ್ದಾಳೆ